ಕೆಂಪು ದೈತ್ಯ ಕಳೆದುಕೊಂಡ ತೂಕ

ಗುಂಡ್ಲುಪೇಟೆ, ಚಾಮರಾಜನಗರದ ಮಳೆಯಾಶ್ರಿತ ಹೊಲಗಳಲ್ಲಿ ಬೇಸಾಯದ ಲೆಕ್ಕ ಇಂದಿಗೂ ಮಳೆ ನಕ್ಷತ್ರಗಳ ಹೆಸರಿನಲ್ಲೇ ನಡೆಯುತ್ತದೆ. ಮೇ ಕೊನೆಗೆ ರೋಹಿಣಿ, ಜೂನ್ ಮೂರನೆಯ ವಾರ ಕಳೆದರೆ ಆರಿದ್ರಾ, ಅಕ್ಟೋಬರ್ ಮುಗಿಯುವ ಹೊತ್ತಿಗೆ ಸ್ವಾತಿ, ಡಿಸೆಂಬರ್ ಮೊದಲಿಗೆ ಜ್ಯೇಷ್ಠಾ. ಈ ನಾಲ್ಕು ಹೆಸರುಗಳ ಹಿಂದೆ ಇರುವ ನಾಲ್ಕು ನಕ್ಷತ್ರಗಳೂ ಮುಪ್ಪಿನ ನಕ್ಷತ್ರಗಳು. ನಾಲ್ಕೂ ಹಿಗ್ಗಿವೆ, ಕೆಂಪಗಾಗಿವೆ, ತಮ್ಮ ಮೈಯ ಅನಿಲವನ್ನು ಸುತ್ತಲಿನ ಬಯಲಿಗೆ ಬಿಟ್ಟುಕೊಡುತ್ತಿವೆ.

ಅವುಗಳಲ್ಲಿ ಎರಡು ಬಗೆ. 65 ಜ್ಯೋತಿರ್ವರ್ಷ ದೂರದ ರೋಹಿಣಿ ಸೂರ್ಯನಿಗಿಂತ ಸುಮಾರು 45 ಪಟ್ಟು ಅಗಲ. 37 ಜ್ಯೋತಿರ್ವರ್ಷ ದೂರದ ಸ್ವಾತಿ ಸುಮಾರು 25 ಪಟ್ಟು. ಇವೆರಡೂ ಸೂರ್ಯನಂಥ ಸಾಧಾರಣ ನಕ್ಷತ್ರಗಳು ವಯಸ್ಸಾದ ಮೇಲೆ ತಲುಪುವ ಸ್ಥಿತಿಯಲ್ಲಿವೆ. ಖಗೋಳಜ್ಞರು ಅವನ್ನು ಕೆಂಪು ದೈತ್ಯ ಎನ್ನುತ್ತಾರೆ. ಆರಿದ್ರಾ ಮತ್ತು ಜ್ಯೇಷ್ಠಾ ಹುಟ್ಟಿನಲ್ಲೇ ಬಹಳ ಭಾರವಾಗಿದ್ದವು, ಅವು ಮಹಾದೈತ್ಯಗಳು. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಆರಿದ್ರಾ ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾದದ್ದು ಹಲವರಿಗೆ ನೆನಪಿರಬಹುದು. ಅದು ಉಗುಳಿದ ಅನಿಲ ತಣ್ಣಗಾಗಿ ದೂಳಾಗಿ ಅದರ ಮುಖವನ್ನೇ ಮರೆಮಾಡಿತ್ತು. ರೋಹಿಣಿ ಮಳೆಯ ದಿನಗಳಲ್ಲಿ ಸೂರ್ಯ ಆ ನಕ್ಷತ್ರದ ನೆರೆಯಲ್ಲೇ ಇರುವುದರಿಂದ ರೋಹಿಣಿ ಕಣ್ಣಿಗೆ ಬೀಳುವುದಿಲ್ಲ. ಅದರ ಕೆಂಪು ಬಣ್ಣ ನೋಡಲು ಡಿಸೆಂಬರ್ ರಾತ್ರಿಗಳವರೆಗೆ ಕಾಯಬೇಕು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮುಪ್ಪಿನಲ್ಲಿ ಒಂದು ನಕ್ಷತ್ರ ಎಷ್ಟು ತೂಕ ಕಳೆದುಕೊಳ್ಳುತ್ತದೆ? ಮೇಲ್ನೋಟಕ್ಕೆ ಇದು ಚಿಲ್ಲರೆ ಲೆಕ್ಕ. ಆದರೆ ಆ ನಕ್ಷತ್ರ ಮುಂದೆ ಯಾವ ಬಣ್ಣಕ್ಕೆ ತಿರುಗುತ್ತದೆ, ಎಷ್ಟು ಕಾಲ ಉರಿಯುತ್ತದೆ, ಕೊನೆಗೆ ಏನಾಗಿ ಉಳಿಯುತ್ತದೆ ಎಂಬುದೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದೆ. ಸುಮಾರು 70 ವರ್ಷಗಳ ಕೆಲಸದ ನಂತರವೂ ಆ ಅಂಕಿಯನ್ನು ಭೌತಶಾಸ್ತ್ರದ ಮೂಲ ನಿಯಮಗಳಿಂದ ಲೆಕ್ಕಹಾಕಿ ತೆಗೆಯಲು ಯಾರಿಗೂ ಸಾಧ್ಯವಾಗಿಲ್ಲ. ಅಳೆದೇ ತಿಳಿಯಬೇಕು. ಅಳೆಯಲು ತಕ್ಕ ಜಾಗ ಹಳೆಯ ನಕ್ಷತ್ರಗುಚ್ಛಗಳು.

ಸೂರ್ಯನೂ ಈಗಲೇ ತೂಕ ಕಳೆದುಕೊಳ್ಳುತ್ತಿದ್ದಾನೆ. ಸೌರಮಾರುತದ ರೂಪದಲ್ಲಿ ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ದ್ರವ್ಯ ಹೊರಬೀಳುತ್ತದೆ. ಕೇಳಲು ದೊಡ್ಡದಾದರೂ ಸೂರ್ಯನ ಒಟ್ಟು ತೂಕದ ಮುಂದೆ ಅದು ಲೆಕ್ಕಕ್ಕಿಲ್ಲ. ಇದೇ ವೇಗದಲ್ಲಿ 1000 ಕೋಟಿ ವರ್ಷ ಹೋದರೂ ಶೇ 0.02ರಷ್ಟು ಮಾತ್ರ ಕಡಿಮೆಯಾಗುತ್ತದೆ. ಕಥೆ ಬದಲಾಗುವುದು ಒಡಲಿನ ನಡುಭಾಗದಲ್ಲಿ ಹೈಡ್ರೋಜನ್ ತೀರಿದ ಮೇಲೆ. ಆಗ ನಡುವೆ ಹೀಲಿಯಂನ ಗಟ್ಟಿ ತಿರುಳು ಉಳಿಯುತ್ತದೆ, ಅದರ ಸುತ್ತಲಿನ ತೆಳು ಪದರದಲ್ಲಿ ಹೈಡ್ರೋಜನ್ ಉರಿಯತೊಡಗುತ್ತದೆ, ಹೊರಮೈ ಹಿಗ್ಗುತ್ತ ಹೋಗುತ್ತದೆ. ಹಳೆಯ ಗುಚ್ಛಗಳ ನಕ್ಷತ್ರವೊಂದು ಈ ಏರಿಕೆಯ ತುದಿ ಮುಟ್ಟುವ ಹೊತ್ತಿಗೆ ಸೂರ್ಯನ ಸುಮಾರು 2000 ಪಟ್ಟು ಬೆಳಕು, ಸುಮಾರು 100 ಪಟ್ಟು ಅಗಲ. ಅಷ್ಟು ಅಗಲಕ್ಕೆ ಹರಡಿಕೊಂಡ ಮೇಲೆ ಮೇಲ್ಮೈಯಲ್ಲಿ ಗುರುತ್ವದ ಹಿಡಿತ ಸೂರ್ಯನದರ ಹತ್ತು ಸಾವಿರದಲ್ಲೊಂದು ಪಾಲಿಗೂ ಇಳಿಯುತ್ತದೆ. ಸೂರ್ಯನ ಮೈಯಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ 618 ಕಿಲೋಮೀಟರ್ ವೇಗ ಬೇಕು. ಈ ದೈತ್ಯದಿಂದ ಪಾರಾಗಲು 50 ಕಿಲೋಮೀಟರ್ ಸುತ್ತಮುತ್ತ ಸಾಕು. ತುದಿಯ ಹತ್ತಿರ ಕಳೆತದ ವೇಗ ವರ್ಷಕ್ಕೆ ಸೂರ್ಯನ ತೂಕದ ಕೋಟಿಯಲ್ಲೊಂದು ಪಾಲಿನವರೆಗೆ ಏರಬಲ್ಲದು. ಅಂದರೆ ಮೂವತ್ತು ವರ್ಷಕ್ಕೊಮ್ಮೆ ಒಂದು ಭೂಮಿಯಷ್ಟು ದ್ರವ್ಯ ಹೊರಟುಹೋಗುತ್ತದೆ.

ಇದು ಬರಿ ಊಹೆಯಲ್ಲ ಎಂದು ಮೊದಲು ಖಚಿತವಾಗಿ ತೋರಿಸಿದವರು ಅಮೆರಿಕದ ಆರ್ಮಿನ್ ಡಾಯ್ಚ್, 1956ರಲ್ಲಿ. ಆಲ್ಫಾ ಹರ್ಕ್ಯುಲಿಸ್ ಎಂಬ ಕೆಂಪು ನಕ್ಷತ್ರಕ್ಕೆ ಒಂದು ಜೊತೆಗಾರ ನಕ್ಷತ್ರವಿದೆ. ಜೊತೆಗಾರನ ಬೆಳಕಿನ ರೋಹಿತದಲ್ಲಿ ಡಾಯ್ಚ್ ಅವರಿಗೆ ಕಂಡದ್ದು ದೈತ್ಯನ ಅನಿಲದ ಗುರುತು. ದೈತ್ಯನಿಂದ ಹೊರಟ ಅನಿಲ ಅಷ್ಟು ದೂರದ ಜೊತೆಗಾರನನ್ನೂ ದಾಟಿ ಹರಿಯುತ್ತಿತ್ತು. ಅದರ ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರಿನ ಆಸುಪಾಸು. ದೈತ್ಯನ ಮೈಮೇಲೆ ಇದ್ದಿದ್ದರೆ ಆ ವೇಗ ಸಾಲುತ್ತಿರಲಿಲ್ಲ. ಅಷ್ಟು ದೂರದಲ್ಲಿ ಪಾರಾಗಲು ಧಾರಾಳ. ಹೋದದ್ದು ಮತ್ತೆ ಮರಳುವುದಿಲ್ಲ ಎಂದು ಅಲ್ಲಿಗೆ ಇತ್ಯರ್ಥವಾಯಿತು.

ಹೋಗುತ್ತದೆ ಎಂದು ಗೊತ್ತಾಯಿತು. ಎಷ್ಟು ಎಂದು ತಿಳಿಯಲು ನಕ್ಷತ್ರವನ್ನು ಕಳೆತಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಬೇಕು. ಒಂಟಿ ನಕ್ಷತ್ರದಲ್ಲಿ ಇದು ಆಗದ ಕೆಲಸ, ನಡುವಿನ ಅವಧಿ ಕೋಟ್ಯಂತರ ವರ್ಷ. ಗೋಳಗುಚ್ಛ ಇಲ್ಲಿ ಕೈಹಿಡಿಯುತ್ತದೆ. ಅದು ಒಂದೇ ಹದಕ್ಕೆ ಬಿತ್ತಿದ ಹೊಲ: ಲಕ್ಷಾಂತರ ನಕ್ಷತ್ರಗಳು ಒಂದೇ ಮೋಡದಿಂದ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು. ಅವುಗಳ ನಡುವಿನ ವ್ಯತ್ಯಾಸ ವಯಸ್ಸಿನದಲ್ಲ, ಹುಟ್ಟುತೂಕದ್ದು. ಭಾರದವು ಬೇಗ ಮಾಗುತ್ತವೆ, ಹಗುರದವು ನಿಧಾನ. ನಮ್ಮ ಕ್ಷೀರಪಥದಲ್ಲಿ ಇಂಥ ಸುಮಾರು 150 ಗೋಳಗುಚ್ಛಗಳಿವೆ. ಹಲವುಗಳ ವಯಸ್ಸು 1200 ಕೋಟಿ ವರ್ಷ ದಾಟಿದೆ. ಇಷ್ಟು ಹಳೆಯ ಗುಚ್ಛದಲ್ಲಿ ಈಗ ಕೆಂಪು ದೈತ್ಯದ ಸ್ಥಿತಿಗೆ ಏರುತ್ತಿರುವವು ಸೂರ್ಯನ 0.8ರಷ್ಟು ತೂಕದೊಂದಿಗೆ ಹುಟ್ಟಿದವು. ಅವುಗಳಿಗಿಂತ ಸ್ವಲ್ಪವೇ ಮುಂದೆ ಹೋಗಿ ಈಗಷ್ಟೇ ಶ್ವೇತ ಕುಬ್ಜಗಳಾದವುಗಳ, ಅಂದರೆ ಹೊರಮೈ ಕಳಚಿ ಬರಿ ತಿರುಳಾಗಿ ಉಳಿದವುಗಳ, ತೂಕ 0.53. ಎರಡರ ನಡುವಿನ 0.27 ದಾರಿಯಲ್ಲಿ ಕಳೆದುಹೋಗಿದೆ. ಹುಟ್ಟುತೂಕದ ಮೂರನೆಯ ಒಂದು ಭಾಗ!

ಎಳೆಯ ಗುಚ್ಛಗಳಲ್ಲಿ ಕಳೆತ ಇನ್ನೂ ದೊಡ್ಡದು. ಎಲ್ಲರೂ ಬಲ್ಲ ಕೃತ್ತಿಕೆಯನ್ನೇ ತೆಗೆದುಕೊಳ್ಳಬಹುದು. ಅದರ ವಯಸ್ಸು ಹತ್ತು ಕೋಟಿ ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೂ ಆ ಗುಚ್ಛದಲ್ಲಿ ಒಂದು ಶ್ವೇತ ಕುಬ್ಜ ಇದೆ. ಇಷ್ಟು ಬೇಗ ಬದುಕು ಮುಗಿಸಬೇಕಾದರೆ ಅದು ಐದು ಸೂರ್ಯರಿಗಿಂತ ಹೆಚ್ಚು ತೂಕದೊಂದಿಗೆ ಹುಟ್ಟಿರಬೇಕು. ಈಗ ಉಳಿದಿರುವುದು ಒಂದು ಸೂರ್ಯನಷ್ಟು. ಶ್ವೇತ ಕುಬ್ಜ 1.4 ಸೂರ್ಯರಿಗಿಂತ ಭಾರ ಇರಲಾರದು ಎಂದು ಸುಬ್ರಹ್ಮಣ್ಯನ್ ಚಂದ್ರಶೇಖರ್ ಹಾಕಿದ ಮಿತಿಯೊಳಗೆ ಇಂಥ ಭಾರಿ ನಕ್ಷತ್ರಗಳೂ ಬಂದು ನಿಲ್ಲುವುದು ಮುಪ್ಪಿನ ಕಳೆತದಿಂದಲೇ.

ಒಟ್ಟು ಕಳೆತ ತಿಳಿಯಿತು ಎಂದರೆ ಲೆಕ್ಕ ಮುಗಿಯಲಿಲ್ಲ. ಅದು ಎರಡು ಕಂತಿನಲ್ಲಿ ಹೋಗುತ್ತದೆ. ಮೊದಲ ಕಂತು ಕೆಂಪು ದೈತ್ಯದ ಏರಿಕೆಯಲ್ಲಿ. ಏರಿಕೆಯ ತುದಿಯಲ್ಲಿ ತಿರುಳಿನ ಉಷ್ಣತೆ ಹತ್ತು ಕೋಟಿ ಡಿಗ್ರಿಗೆ ಮುಟ್ಟಿ ಹೀಲಿಯಂ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ನಕ್ಷತ್ರ ಕುಗ್ಗಿ, ಸುಮಾರು ಹತ್ತು ಕೋಟಿ ವರ್ಷ ನೆಮ್ಮದಿಯಾಗಿ ಹೀಲಿಯಂ ಉರಿಸುತ್ತದೆ. ಆಮೇಲೆ ಮತ್ತೊಮ್ಮೆ ಹಿಗ್ಗಿದಾಗ ಎರಡನೆಯ ಕಂತು. ಮೊದಲ ಕಂತಿನ ಪಾಲು ಎಷ್ಟು ಎಂಬುದೇ ನಿಜವಾದ ತಕರಾರು.

ಅದರ ಸಾಕ್ಷಿ ನಡುವಿನ ನೆಮ್ಮದಿಯ ಹಂತದಲ್ಲಿ ಸಿಗುತ್ತದೆ. ಗುಚ್ಛದ ನಕ್ಷತ್ರಗಳನ್ನು ಬಣ್ಣ ಮತ್ತು ಪ್ರಕಾಶದ ನಕ್ಷೆಯಲ್ಲಿ ಗುರುತಿಸಿದರೆ ಈ ಹಂತದಲ್ಲಿರುವವು ಒಂದು ಅಡ್ಡಸಾಲಿನಲ್ಲಿ ನಿಲ್ಲುತ್ತವೆ. ಅದನ್ನು ಸಮತಲ ಶಾಖೆ ಎನ್ನುತ್ತಾರೆ. ಎಲ್ಲಕ್ಕೂ ತಿರುಳು ಹೆಚ್ಚುಕಡಿಮೆ ಒಂದೇ, ಸೂರ್ಯನ ಅರ್ಧದಷ್ಟು. ವ್ಯತ್ಯಾಸ ಮೇಲಿನ ಹೊದಿಕೆಯದು. ದಪ್ಪ ಹೊದಿಕೆ ಉಳಿಸಿಕೊಂಡು ಬಂದದ್ದು ತಂಪಾಗಿ ಕೆಂಪಗೆ ಕಾಣುತ್ತದೆ. ಹೊದಿಕೆ ತೆಳುವಾದಷ್ಟೂ ಒಳಗಿನ ಕಾವು ಹೊರಗೆ ತೋರುತ್ತದೆ, ಬಣ್ಣ ನೀಲಿಗೆ ಸರಿಯುತ್ತದೆ. ಹೊದಿಕೆಯನ್ನು ಬಹುಪಾಲು ಕಳೆದುಕೊಂಡವುಗಳ ಮೇಲ್ಮೈ 20,000 ಡಿಗ್ರಿ ದಾಟುತ್ತದೆ. 1973ರಲ್ಲಿ ರಾಬರ್ಟ್ ರೂಡ್ ಈ ಸಾಲಿನ ಉದ್ದವನ್ನು ಲೆಕ್ಕಕ್ಕೆ ಒಳಪಡಿಸಿ, ದೈತ್ಯಗಳು ಸರಾಸರಿ ಸೂರ್ಯನ 0.2ರಷ್ಟು ತೂಕ ಕಳೆದುಕೊಂಡಿರಬೇಕು, ಜೊತೆಗೆ ನಕ್ಷತ್ರದಿಂದ ನಕ್ಷತ್ರಕ್ಕೆ ಆ ಕಳೆತ ಒಂದಿಷ್ಟು ಬೇರೆಯೂ ಇರಬೇಕು ಎಂದು ತೋರಿಸಿದರು. ಹೊರಗೆ ಹೋಗುವ ಅನಿಲವನ್ನು ನೋಡದೆಯೇ, ಉಳಿದವರ ಬಣ್ಣದಿಂದ ಹೋದದ್ದನ್ನು ಹೇಳಿದ ಲೆಕ್ಕ ಅದು. ಈ ವಿಷಯದಲ್ಲಿ ಇದಕ್ಕಿಂತ ಸೊಗಸಾದ ತರ್ಕ ಇನ್ನೊಂದಿಲ್ಲ ಎಂದರೆ ಅತಿಶಯವಲ್ಲ.

ಆದರೆ ಬಣ್ಣಕ್ಕೆ ಬೇರೆ ಕಾರಣಗಳೂ ಉಂಟು. ಎನ್‌ಜಿಸಿ 288 ಮತ್ತು ಎನ್‌ಜಿಸಿ 362 ಗುಚ್ಛಗಳಲ್ಲಿ ಕಬ್ಬಿಣದಂಥ ಧಾತುಗಳ ಪ್ರಮಾಣ ಹತ್ತಿರ ಹತ್ತಿರ ಒಂದೇ. ಆದರೂ ಒಂದರ ಸಮತಲ ಶಾಖೆ ನೀಲಿ, ಇನ್ನೊಂದರದು ಕೆಂಪು. ವಯಸ್ಸು, ಹುಟ್ಟಿನಲ್ಲೇ ಇದ್ದ ಹೀಲಿಯಂನ ಪ್ರಮಾಣ, ಎಲ್ಲವೂ ಅಲ್ಲಿ ಕೈಯಾಡಿಸಿವೆ. ಆದ್ದರಿಂದ ನೇರವಾಗಿ ತೂಗುವ ದಾರಿ ಬೇಕಿತ್ತು.

ಆ ದಾರಿ 2014ರಲ್ಲಿ ತೆರೆಯಿತು. ಕೆಪ್ಲರ್ ದೂರದರ್ಶಕ ತನ್ನ ಎರಡನೆಯ ಯೋಜನೆಯಲ್ಲಿ ಸುಮಾರು 80 ದಿನ ವೃಶ್ಚಿಕದ ಕಡೆ ನೋಡಿತು. ಜ್ಯೇಷ್ಠಾ ನಕ್ಷತ್ರದಿಂದ ಪಶ್ಚಿಮಕ್ಕೆ ಒಂದೂಕಾಲು ಡಿಗ್ರಿ ಸರಿದರೆ ಮೆಸ್ಸಿಯೆ 4 ಎಂಬ ಗೋಳಗುಚ್ಛ ಸಿಗುತ್ತದೆ, ದೂರ ಸುಮಾರು 6000 ಜ್ಯೋತಿರ್ವರ್ಷ. ಅದರೊಳಗಿನ ದೈತ್ಯಗಳ ಒಡಲಿನಲ್ಲಿ ಶಬ್ದದ ಅಲೆಗಳು ಓಡಾಡುತ್ತವೆ, ಅದರಿಂದ ಬೆಳಕು ಅತಿ ಸೂಕ್ಷ್ಮವಾಗಿ ಏರಿಳಿಯುತ್ತದೆ. ಆ ಏರಿಳಿತದ ಆವರ್ತನ ನಕ್ಷತ್ರದ ತೂಕ ಮತ್ತು ಅಗಲಕ್ಕೆ ತಕ್ಕಂತೆ ಇರುತ್ತದೆ. ಆಂಡ್ರಿಯಾ ಮಿಲಿಯೊ ತಂಡ 2016ರಲ್ಲಿ ಈ ಕಂಪನಗಳನ್ನು ಗುರುತಿಸಿತು. 2022ರಲ್ಲಿ ಆಸ್ಟ್ರೇಲಿಯದ ಮ್ಯಾಡೆಲಿನ್ ಹೋವೆಲ್ ಮತ್ತು ಸಂಗಡಿಗರು ಏರಿಕೆಯಲ್ಲಿರುವ ದೈತ್ಯಗಳನ್ನೂ ಏರಿಕೆ ಮುಗಿಸಿದವುಗಳನ್ನೂ ಬೇರೆ ಬೇರೆಯಾಗಿ ತೂಗಿದರು. ವ್ಯತ್ಯಾಸ ಸೂರ್ಯನ 0.17ರಷ್ಟು. ಅರ್ಧ ಶತಮಾನದ ಹಿಂದೆ ರೂಡ್ ಬಣ್ಣದಿಂದ ಹೇಳಿದ್ದಕ್ಕೆ ಇದು ಎಷ್ಟು ಹತ್ತಿರ!

ಯಾವಾಗ ಹೋಗುತ್ತದೆ ಎಂಬುದರ ಮೇಲೂ ಜಗಳ ನಡೆದಿದೆ. 47 ಟುಕಾನೆ ಎಂಬ ದಕ್ಷಿಣದ ದೊಡ್ಡ ಗುಚ್ಛವನ್ನು ಸ್ಪಿಟ್ಜರ್ ದೂರದರ್ಶಕದಿಂದ ನೋಡಿದ ಲಿವಿಯಾ ಒರಿಲ್ಯ ತಂಡ, ಏರಿಕೆಯ ಉದ್ದಕ್ಕೂ ದೂಳು ಬಿಡುವ ದೈತ್ಯಗಳಿವೆ ಎಂದು 2007ರಲ್ಲಿ ವರದಿ ಮಾಡಿತು. ಮಾರ್ಥಾ ಬೋಯರ್ ಮತ್ತು ಸಂಗಡಿಗರು 2010ರಲ್ಲಿ ಅದನ್ನು ಒಪ್ಪಲಿಲ್ಲ: ನಕ್ಷತ್ರಗಳು ಕಿಕ್ಕಿರಿದ ಜಾಗದಲ್ಲಿ ನೆರೆಯವರ ಬೆಳಕು ಬೆರೆತು ದೂಳಿನ ಭ್ರಮೆ ಹುಟ್ಟಿದೆ, ನಿಜವಾದ ದೂಳು ತುದಿಯ ಹತ್ತಿರದವುಗಳಲ್ಲಿ ಮಾತ್ರ ಎಂಬುದು ಅವರ ವಾದ. 2015ರಲ್ಲಿ ಜೆರೆಮಿ ಹೈಲ್ ತಂಡ ಬೇರೆಯೇ ಹಾದಿ ಹಿಡಿಯಿತು. ಗುಚ್ಛದಲ್ಲಿ ಭಾರದ ನಕ್ಷತ್ರಗಳು ನಡುವಿಗೆ ಇಳಿಯುತ್ತವೆ, ಹಗುರದವು ಅಂಚಿಗೆ ಸರಿಯುತ್ತವೆ. ತೂಕ ಇಳಿದ ನಕ್ಷತ್ರ ಅಂಚಿಗೆ ಸರಿಯಲು ಕೋಟಿಗಟ್ಟಲೆ ವರ್ಷ ಬೇಕು. ಹಬಲ್ ತೆಗೆದ ಚಿತ್ರಗಳಲ್ಲಿ ಎಳೆಯ ಶ್ವೇತ ಕುಬ್ಜಗಳು ಇನ್ನೂ ನಡುವಿನಲ್ಲೇ ಗುಂಪುಗಟ್ಟಿದ್ದವು. ಅಂದರೆ ಅವು ಹಗುರವಾಗಿ ಬಹಳ ಕಾಲವಾಗಿಲ್ಲ, ಕಳೆತದ ದೊಡ್ಡ ಪಾಲು ಬದುಕಿನ ಕೊನೆಯ ಹಂತದಲ್ಲಿ ಹೋಗಿದೆ.

ಅನಿಲವನ್ನು ಮೇಲಕ್ಕೆ ನೂಕುವುದು ಯಾವುದು? ಎರಡನೆಯ ಕಂತಿನಲ್ಲಿ ಉತ್ತರ ಬಹುಮಟ್ಟಿಗೆ ಗೊತ್ತು. ನಕ್ಷತ್ರ ನೂರಾರು ದಿನಗಳ ಅವಧಿಯಲ್ಲಿ ಉಬ್ಬಿ ಕುಗ್ಗುತ್ತದೆ, ಎತ್ತಿ ಎಸೆದ ಅನಿಲ ತಣಿದು ದೂಳಾಗುತ್ತದೆ, ದೂಳನ್ನು ಬೆಳಕೇ ತಳ್ಳಿಕೊಂಡು ಹೋಗುತ್ತದೆ. ಮೊದಲ ಕಂತಿಗೆ ಇದು ಸಲ್ಲದು. ಗೋಳಗುಚ್ಛದ ನಕ್ಷತ್ರಗಳಲ್ಲಿ ದೂಳಾಗಬಲ್ಲ ಧಾತುಗಳೇ ಕಡಿಮೆ. ಸೂರ್ಯನಲ್ಲಿರುವುದರ ಹತ್ತರಲ್ಲೊಂದು, ಕೆಲವೆಡೆ ನೂರರಲ್ಲೊಂದು ಪಾಲು. ಆದ್ದರಿಂದ ಗಮನ ಹರಿಯುವುದು ಮೇಲ್ಮೈಯ ಆಚೆಗಿನ ತೆಳ್ಳನೆಯ ವರ್ಣಮಂಡಲದತ್ತ, ಅಲ್ಲಿ ಏಳುವ ಕಾಂತೀಯ ಅಲೆಗಳತ್ತ. 1975ರಲ್ಲಿ ಡೀಟರ್ ರೈಮರ್ಸ್ ಕೊಟ್ಟ ಸರಳ ಸೂತ್ರವನ್ನೇ ಎಲ್ಲರೂ ಬಳಸುತ್ತ ಬಂದಿದ್ದಾರೆ: ಬೆಳಕು ಹೆಚ್ಚಿದ್ದರೆ, ಅಗಲ ಹೆಚ್ಚಿದ್ದರೆ, ತೂಕ ಕಡಿಮೆ ಇದ್ದರೆ ಕಳೆತ ಹೆಚ್ಚು. ಅದು ಅಳತೆಗೆ ಹೊಂದಿಸಿದ ಸೂತ್ರ, ಕಾರಣ ಹೇಳುವುದಿಲ್ಲ.

ದೈತ್ಯಗಳ ವರ್ಣಮಂಡಲ ಎಂದೊಡನೆ ಒಬ್ಬ ಭಾರತೀಯರ ಹೆಸರು ಬರಲೇಬೇಕು. ವೇಣು ಬಾಪು ಮತ್ತು ಓಲಿನ್ ವಿಲ್ಸನ್ 1957ರಲ್ಲಿ ಪ್ರಕಟಿಸಿದ ಪರಿಣಾಮ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ತಂಪು ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಕೆ ರೇಖೆಯ ನಡುವೆ ಒಂದು ಸಣ್ಣ ಹೊಳಪು ಇರುತ್ತದೆ. ಅದು ಹುಟ್ಟುವುದು ವರ್ಣಮಂಡಲದಲ್ಲಿ. ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚಿದಷ್ಟೂ ಆ ಹೊಳಪಿನ ಅಗಲ ಹೆಚ್ಚು ಎಂದು ಇಬ್ಬರೂ ತೋರಿಸಿದರು. ಬಾಪು ಆಮೇಲೆ ಭಾರತದಲ್ಲಿ ಕಟ್ಟಿದ್ದು ಅದಕ್ಕಿಂತ ದೊಡ್ಡದು. ದಕ್ಷಿಣದ ಆಕಾಶ ಕಾಣುವ ಜಾಗ ಬೇಕೆಂದು ತಮಿಳುನಾಡಿನ ಜವ್ವಾದು ಬೆಟ್ಟಗಳಲ್ಲಿ ಕವಲೂರನ್ನು ಆರಿಸಿದರು. 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಯನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದರು. ಕವಲೂರಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಚಾಮರಾಜನಗರ ಅದಕ್ಕಿಂತ ಅರ್ಧ ಡಿಗ್ರಿಗೂ ಹೆಚ್ಚು ದಕ್ಷಿಣಕ್ಕಿದೆ. ಕವಲೂರಿನಿಂದ ಕಾಣುವ ದಕ್ಷಿಣಾಕಾಶವೆಲ್ಲ ಈ ಜಿಲ್ಲೆಯಿಂದಲೂ ಕಾಣುತ್ತದೆ ಎಂಬುದನ್ನು ಇಲ್ಲಿನ ಶಾಲೆ ಕಾಲೇಜುಗಳು ಇನ್ನೂ ಚೆನ್ನಾಗಿ ಬಳಸಿಕೊಳ್ಳಬಹುದು.

ಅದೇ ಸಂಸ್ಥೆ ಹೊಸಕೋಟೆಯ ತನ್ನ ಪ್ರಯೋಗಾಲಯದಲ್ಲಿ ಜೋಡಿಸಿದ ನೇರಳಾತೀತ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಕಕ್ಷೆಗೆ ಹೋಯಿತು. ಕನ್ನಡಿಯ ಅಗಲ 38 ಸೆಂಟಿಮೀಟರಿಗೂ ಕಡಿಮೆ. ಆದರೆ ಹಳೆಯ ಗುಚ್ಛಗಳ ಮಟ್ಟಿಗೆ ಅದು ಮಾಡಿದ ಕೆಲಸ ದೊಡ್ಡದು. ಕಾರಣ ಸರಳ: ನೇರಳಾತೀತದಲ್ಲಿ ನೋಡಿದರೆ ಕೆಂಪು ದೈತ್ಯಗಳ ಗದ್ದಲ ಅಡಗಿ, ಹೊದಿಕೆ ಕಳೆದುಕೊಂಡ ಬಿಸಿ ನಕ್ಷತ್ರಗಳಷ್ಟೇ ಎದ್ದು ಕಾಣುತ್ತವೆ. ಕಳೆತದ ಫಲ ಕಾಣುವುದು ಅಲ್ಲೇ.

ಅನ್ನಪೂರ್ಣಿ ಸುಬ್ರಮಣ್ಯಂ ಅವರ ತಂಡ 2016ರಲ್ಲಿ ಎನ್‌ಜಿಸಿ 188 ಎಂಬ ಸುಮಾರು 700 ಕೋಟಿ ವರ್ಷ ಹಳೆಯ ಗುಚ್ಛದಲ್ಲಿ ಒಂದು ವಿಚಿತ್ರ ಜೋಡಿಯನ್ನು ಕಂಡಿತು. ಇಂಥ ಗುಚ್ಛಗಳಲ್ಲಿ ಕೆಲವು ನಕ್ಷತ್ರಗಳು ವಯಸ್ಸಿಗೆ ಮೀರಿದ ಹೊಳಪಿನಿಂದ ನೀಲಿಯಾಗಿ ಉರಿಯುತ್ತಿರುತ್ತವೆ, ಅವಕ್ಕೆ ನೀಲಿ ಸ್ಟ್ರ್ಯಾಗ್ಲರ್ ಎಂದು ಹೆಸರು. ಅಂಥ ಒಂದರ ಪಕ್ಕದಲ್ಲಿ ಅತಿ ಬಿಸಿಯಾದ ಜೊತೆಗಾರ ಇತ್ತು. ಮೂರು ವರ್ಷದ ನಂತರ ಎನ್. ಸಿಂಧು ಮತ್ತು ಸಂಗಡಿಗರು ಕರ್ಕಾಟಕದ ಮೆಸ್ಸಿಯೆ 67 ಗುಚ್ಛದಲ್ಲಿ ಇನ್ನೂ ಸ್ಪಷ್ಟವಾದ ಪ್ರಕರಣ ಹಿಡಿದರು: ನೀಲಿ ಸ್ಟ್ರ್ಯಾಗ್ಲರ್ ಜೊತೆಗೆ ಕೇವಲ 0.18 ಸೂರ್ಯ ತೂಕದ ಶ್ವೇತ ಕುಬ್ಜ. ಒಂಟಿ ನಕ್ಷತ್ರ ವಿಶ್ವದ ಈವರೆಗಿನ ಆಯುಷ್ಯದಲ್ಲಿ ಇಷ್ಟು ಹಗುರದ ಕುಬ್ಜವನ್ನು ಉಳಿಸಿಹೋಗಲಾರದು. ದೈತ್ಯವಾಗುತ್ತಿದ್ದಾಗಲೇ ಅದರ ಹೊದಿಕೆಯನ್ನು ಪಕ್ಕದವನು ಎಳೆದುಕೊಂಡಿದ್ದಾನೆ, ಎಳೆದುಕೊಂಡದ್ದರಿಂದಲೇ ಮತ್ತೆ ಯೌವನ ಪಡೆದಿದ್ದಾನೆ. ಅದೇ 2019ರಲ್ಲಿ ಸ್ನೇಹಲತಾ ಸಾಹು ಮತ್ತು ಸಂಗಡಿಗರು ಎನ್‌ಜಿಸಿ 5466 ಎಂಬ ಗೋಳಗುಚ್ಛದ ಹೊರವಲಯದಲ್ಲೂ ಇಂಥ ಜೋಡಿಯನ್ನು ಗುರುತಿಸಿದರು. ಎಲ್ಲ ಕಳೆತವೂ ಗಾಳಿಗೆ ಹೋಗುವುದಿಲ್ಲ.

ಗಾಳಿಗೆ ಹೋದದ್ದಾದರೂ ಎಲ್ಲಿ? ಗೋಳಗುಚ್ಛ ಹತ್ತು ಕೋಟಿ ವರ್ಷದ ಸುಮಾರಿಗೊಮ್ಮೆ ಕ್ಷೀರಪಥದ ತಟ್ಟೆಯನ್ನು ಹಾಯುತ್ತದೆ, ಆಗ ಒಳಗಿನ ಅನಿಲ ಕೊಚ್ಚಿಹೋಗುತ್ತದೆ. ಎರಡು ಹಾಯುವಿಕೆಗಳ ನಡುವೆ ದೊಡ್ಡ ಗುಚ್ಛದಲ್ಲಿ ನೂರಾರು ಸೂರ್ಯರಷ್ಟು ಅನಿಲ ಸೇರಿರಬೇಕು. ಹುಡುಕಿದರೆ ಸಿಕ್ಕಿದ್ದು ಅತ್ಯಲ್ಪ. 2001ರಲ್ಲಿ ಪಾವ್ಲೊ ಫ್ರೈರೆ ತಂಡ 47 ಟುಕಾನೆಯಲ್ಲಿ ರೇಡಿಯೊ ಮಿಡಿತ ಬಿಡುವ ಪಲ್ಸಾರ್ ಎಂಬ ನಕ್ಷತ್ರಗಳನ್ನು ಬಳಸಿ ಇದನ್ನು ಅಳೆಯಿತು. ಗುಚ್ಛದ ಹಿಂಬದಿಯ ಪಲ್ಸಾರಿನ ರೇಡಿಯೊ ಮಿಡಿತ ಒಳಗಿನ ಅನಿಲವನ್ನು ತೂರಿ ಬರಬೇಕು, ಮುಂಬದಿಯದಕ್ಕೆ ಆ ಅಡ್ಡಿ ಕಡಿಮೆ. ಆ ವ್ಯತ್ಯಾಸದಿಂದ ಸಿಕ್ಕ ಒಟ್ಟು ಅನಿಲ ಸೂರ್ಯನ ಹತ್ತರಲ್ಲೊಂದು ಪಾಲು. ಇಯಾನ್ ಮೆಕ್‌ಡೊನಾಲ್ಡ್ ಮತ್ತು ಆಲ್ಬರ್ಟ್ ಜೈಲ್‌ಸ್ಟ್ರಾ 2015ರಲ್ಲಿ ಒಂದು ಉತ್ತರ ಕೊಟ್ಟರು: ಈಗಷ್ಟೇ ಹೊದಿಕೆ ಕಳಚಿದ ಬಿಸಿ ಶ್ವೇತ ಕುಬ್ಜಗಳ ನೇರಳಾತೀತ ಕಿರಣಗಳೇ ಆ ಅನಿಲವನ್ನು ಕಾಯಿಸಿ ಗುಚ್ಛದಿಂದ ಹೊರಗೆ ಅಟ್ಟುತ್ತವೆ. ಮೊನ್ನೆ ಮುಪ್ಪು ಮುಗಿಸಿದವು ಇಂದು ಮುಪ್ಪಿನಲ್ಲಿರುವವುಗಳ ಅನಿಲವನ್ನು ಗುಡಿಸಿ ಹಾಕುತ್ತಿವೆ.

ಈ ಗುಚ್ಛಗಳಲ್ಲಿ ಅತಿ ದೊಡ್ಡದಾದ ಒಮೆಗಾ ಸೆಂಟಾರಿ ಬರಿಗಣ್ಣಿಗೆ ಸಿಗುತ್ತದೆ. 17,000 ಜ್ಯೋತಿರ್ವರ್ಷ ದೂರದಲ್ಲಿ, ಸುಮಾರು ಒಂದು ಕೋಟಿ ನಕ್ಷತ್ರಗಳು. ಉತ್ತರ ಭಾರತದಲ್ಲಿ ಅದು ಕ್ಷಿತಿಜದ ಮಬ್ಬಿನಲ್ಲೇ ಉಳಿಯುತ್ತದೆ. ಗುಂಡ್ಲುಪೇಟೆಯಲ್ಲಿ 30 ಡಿಗ್ರಿ ಎತ್ತರಕ್ಕೆ ಏರುತ್ತದೆ. ಏಪ್ರಿಲ್ ಮಧ್ಯದಲ್ಲಿ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂಕಾಲರ ಸುಮಾರಿಗೆ ನೇರ ದಕ್ಷಿಣಕ್ಕೆ ನೋಡಬೇಕು. ಆ ದಿಕ್ಕಿನಲ್ಲಿ ಬಂಡೀಪುರದ ಕಾಡು, ಅದರಾಚೆ ನೀಲಗಿರಿ. ಪ್ರಾಣಿಗಳ ರಕ್ಷಣೆಗಾಗಿ 2009ರಿಂದ ಅಲ್ಲಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ದಕ್ಷಿಣ ದಿಗಂತ ಕತ್ತಲಾಗಿ ಉಳಿದಿರುವುದು ಖಗೋಳ ನೋಡುವವರಿಗೂ ಸಿಕ್ಕ ಲಾಭ. ಬೈನಾಕ್ಯುಲರ್‌ನಲ್ಲಿ ಮಂಜಿನ ಉಂಡೆ, ಹದವಾದ ದೂರದರ್ಶಕದಲ್ಲಿ ಬಿಡಿಬಿಡಿ ಚುಕ್ಕಿಗಳು. ಮೊದಲು ಬಿಡಿಯಾಗಿ ಕಾಣುವವು ಅದರ ಕೆಂಪು ದೈತ್ಯಗಳೇ. ಇದೇ ಗುಚ್ಛದ ಬಿಸಿ ನಕ್ಷತ್ರಗಳನ್ನು ಆಸ್ಟ್ರೋಸ್ಯಾಟ್‌ನಿಂದ ಪರಿಶೀಲಿಸಿದ ಬೆಂಗಳೂರಿನ ತಂಡ 2022ರಲ್ಲಿ ವರದಿ ಮಾಡಿದ ಪ್ರಕಾರ, ಅವುಗಳಲ್ಲಿ ಹಲವು ಸಿದ್ಧಾಂತ ಹೇಳಿದ ಜಾಗದಲ್ಲಿ ನಿಲ್ಲುತ್ತಿಲ್ಲ, ನಿರೀಕ್ಷೆಗಿಂತ ಮಂಕಾಗಿವೆ.

ಉಳಿದಿರುವ ದೊಡ್ಡ ತೊಡಕು ಧಾತುಗಳ ಪ್ರಮಾಣದ್ದು. ಮಾರ್ಕೊ ತೈಲೊ ಮತ್ತು ಸಂಗಡಿಗರು ಹಲವು ಗೋಳಗುಚ್ಛಗಳ ಸಮತಲ ಶಾಖೆಯನ್ನು ಹೋಲಿಸಿ 2020ರಲ್ಲಿ ಹೇಳಿದ ಪ್ರಕಾರ, ಕಬ್ಬಿಣದಂಥ ಧಾತುಗಳು ಹೆಚ್ಚಿದ್ದಷ್ಟೂ ದೈತ್ಯಗಳ ಕಳೆತ ಹೆಚ್ಚು. ಹಾಗಿದ್ದರೆ ಸೂರ್ಯನಿಗಿಂತ ಸುಮಾರು ಎರಡು ಪಟ್ಟು ಧಾತು ಇರುವ, 800 ಕೋಟಿ ವರ್ಷದ ಎನ್‌ಜಿಸಿ 6791 ಗುಚ್ಛದಲ್ಲಿ ಕಳೆತ ಬಹಳ ದೊಡ್ಡದಾಗಿರಬೇಕಿತ್ತು. ಅಲ್ಲಿ ಕಂಪನಗಳಿಂದ ತೂಗಿ 2012ರಲ್ಲಿ ಸಿಕ್ಕಿದ್ದು ಕೇವಲ 0.09. ಆ ಗುಚ್ಛದ ದೈತ್ಯಗಳು ಹುಟ್ಟಿನಲ್ಲೇ ಸೂರ್ಯನಿಗಿಂತ ಸ್ವಲ್ಪ ಭಾರ ಎಂಬುದು ನಿಜ, ಆದರೆ ಅಂತರ ಮುಚ್ಚಲು ಅದೊಂದೇ ಸಾಲದು. ಮೆಸ್ಸಿಯೆ 4ರಂತೆ ಕಂಪನ ಹಿಡಿದು ತೂಗಿದ ಗೋಳಗುಚ್ಛಗಳು ಬೆರಳೆಣಿಕೆಯಷ್ಟು. ಕಿಕ್ಕಿರಿದ ಗುಚ್ಛಗಳಿಗೆಂದೇ ಹೇಡನ್ ಎಂಬ ಯೂರೋಪಿನ ದೂರದರ್ಶಕದ ಪ್ರಸ್ತಾವ ಇದೆ. ಕಳೆತದ ಇನ್ನೊಂದು ತುದಿಯನ್ನು, ಹೊದಿಕೆ ಕಳಚಿದ ಬಿಸಿ ನಕ್ಷತ್ರಗಳನ್ನು, ಇನ್ನೂ ಆಳವಾಗಿ ನೋಡಲು ಭಾರತೀಯ ಖಭೌತ ಸಂಸ್ಥೆ ಮುಂದಿಟ್ಟಿರುವುದು ಇನ್‌ಸಿಸ್ಟ್ ಎಂಬ ಒಂದು ಮೀಟರ್ ಕನ್ನಡಿಯ ನೇರಳಾತೀತ ದೂರದರ್ಶಕದ ಯೋಜನೆ.